ಮೇಜನ್ನು ಬುಡಮೇಲು ಮಾಡಿ ಆರಿಸುವ ಪದ್ಧತಿ: ನನ್ನ ಅನುಭವ

ಹಳೆಯ ಸೈಡ್ ಟೇಬಲ್ ಆರಿಸುವಾಗ ಮೇಲ್ಹಲಗೆಯ ಹೊಳಪನ್ನು ಕಟ್ಟಕಡೆಗೆ ನೋಡಬೇಕು, ಮೊದಲ ಹತ್ತು ನಿಮಿಷವನ್ನು ಅಡಿಭಾಗಕ್ಕೇ ಮೀಸಲಿಡಬೇಕು ಎಂಬ ನನ್ನ ಪಟ್ಟನ್ನು ಬಹುಕಾಲ ಯಾರೂ ಒಪ್ಪಿರಲಿಲ್ಲ. ಕಲೆ ಬಿದ್ದ, ಬಣ್ಣಗೆಟ್ಟ ಮೇಜುಗಳನ್ನೇ ನಾನು ಹುಡುಕಿ ತರುವುದನ್ನು ಕಂಡು, ಈ ವಿಷಯದಲ್ಲಿ ಪಳಗಿದ ಗೆಳೆಯರು ಸಹ ಅದು ಹಣ ಪೋಲು ಮಾಡುವ ದಾರಿ ಎನ್ನುತ್ತಿದ್ದರು. ಈಗ ಮನೆಯ ಪ್ರತಿ ಆಸನದ ಪಕ್ಕದಲ್ಲೂ ಅಂಥದೊಂದು ಮೇಜು ಅಲುಗದೆ ನಿಂತಿದೆ. ಕೊಂಡ ಬೆಲೆ ಮತ್ತು ರಿಪೇರಿ ಎರಡೂ ಸೇರಿ ತಗುಲಿದ ಹಣವು, ಪಾಲಿಶ್ ಮಾಡಿ ಮಾರಾಟಕ್ಕಿಟ್ಟ ಅದೇ ದರ್ಜೆಯ ಮೇಜುಗಳ ಬೆಲೆಯ ಮೂರನೇ ಒಂದು ಭಾಗವನ್ನು ಹೆಚ್ಚೆಂದರೆ ಸ್ವಲ್ಪ ದಾಟಿರಬಹುದು.

ನೂರು ವರ್ಷ ದಾಟಿದ್ದು ಆಂಟಿಕ್ ಎಂಬುದು ವ್ಯಾಪಾರದಲ್ಲಿ ರೂಢಿಯಾದ ಲೆಕ್ಕ. ವಿಂಟೇಜ್ ಎಂಬುದಕ್ಕೆ ಅಷ್ಟು ಬಿಗಿಯಾದ ಗಡಿಯಿಲ್ಲ. ಆದರೆ ಕೇಳುವ ಬೆಲೆ ಮಾತ್ರ ಮೊದಲನೆಯ ಮಾತು ಬಾಯಿಗೆ ಬಂದೊಡನೆ ದುಪ್ಪಟ್ಟಾಗುತ್ತದೆ. ಆದ್ದರಿಂದ ವಯಸ್ಸಿನ ಸಾಕ್ಷಿಯನ್ನು ಮಾರುವವನ ಬಾಯಿಂದ ಕೇಳುವುದಕ್ಕಿಂತ ಮರದಿಂದಲೇ ಪಡೆಯುವುದು ನನ್ನ ಮೊದಲ ಕೆಲಸ.

ಗುಂಡು ಮೇಜಾದರೆ ಟೇಪು ಸಾಕು. ಮರವು ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಮಾತ್ರ ವರ್ಷಗಳ ಕಾಲ ಕುಗ್ಗುತ್ತ ಹೋಗುತ್ತದೆ. ಆದಕಾರಣ ಗಟ್ಟಿ ಹಲಗೆಯನ್ನು ಕಡೆದು ಮಾಡಿದ, ಸುಮಾರು 60 ಸೆಂ.ಮೀ. ಅಗಲದ ಹಳೆಯ ಗುಂಡು ಮೇಲ್ಹಲಗೆಯು ಇಂದು ನಿಜವಾಗಿ ಗುಂಡಗಿರುವುದಿಲ್ಲ, ಅಡ್ಡಳತೆಯಲ್ಲಿ ಸಾಮಾನ್ಯವಾಗಿ ಕೆಲವು ಮಿ.ಮೀ.ನಷ್ಟು ಕಡಿಮೆ ಬರುತ್ತದೆ. ಈ ಅಳತೆಯನ್ನು ಹೇಳಿದಾಗ, ಟೇಪಿನಿಂದ ಮೇಜಿನ ವಯಸ್ಸು ತಿಳಿಯುವುದೆಂಬುದನ್ನು ಯಾರೂ ನಂಬಲಿಲ್ಲ. ಆದರೆ ಮೂರು ಕಾಲಿನ ಒಂದು ಮಹಾಗನಿ ಮೇಜು, ನೋಡಲು ಬಹಳ ಹಳೆಯದೆನಿಸಿದರೂ, ಎಲ್ಲ ದಿಕ್ಕಿನಿಂದಲೂ ಒಂದೇ ಅಳತೆ ಕೊಟ್ಟಿತು. ತಿರುಗಿಸಿ ನೋಡಿದರೆ ಹಲಗೆಯ ಅಡಿಯಲ್ಲಿ ಬೇರೊಂದು ಚೌಕಟ್ಟಿನ ಸ್ಕ್ರೂ ರಂಧ್ರಗಳನ್ನು ಮುಚ್ಚಿದ ಗುರುತುಗಳಿದ್ದವು. ನಡುಗಂಬ ಒಂದು ಮೇಜಿನದು, ಹಲಗೆ ಇನ್ನೊಂದರದು. ಆ ಗುರುತುಗಳನ್ನು ತೋರಿಸಿದ ಮೇಲೆ ಕೇಳಿದ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು, ಮತ್ತು ಬಳಕೆಗೆ ಯಾವ ಕೊರತೆಯೂ ಇಲ್ಲದ ಆ ಮೇಜನ್ನು ನಾನು ಸಂತೋಷದಿಂದಲೇ ಕೊಂಡೆ. ಪ್ಲೈವುಡ್ಡಿನ ಮೇಲೆ ವೆನೀರ್, ಅಂದರೆ ಒಳ್ಳೆಯ ಮರದ ತೆಳು ಪದರ, ಹಾಕಿದ ಹಲಗೆಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ; ಅಂಥದ್ದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ.

ಡ್ರಾಯರ್ ಇದ್ದರೆ ಅದನ್ನು ಪೂರ್ತಿ ಹೊರಗೆಳೆದು, ಮೂಲೆಯಲ್ಲಿ ಬಾಲದಾಕಾರದ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಡವ್‌ಟೇಲ್ ಕೀಲುಗಳನ್ನು ನೋಡುತ್ತೇನೆ. ಕೈಯಲ್ಲಿ ಕೊರೆದವು ಒಂದರಂತೆ ಇನ್ನೊಂದಿರುವುದಿಲ್ಲ, ಪಕ್ಕದಲ್ಲಿ ಬಡಗಿ ಎಳೆದ ಗೀರು ಉಳಿದಿರುತ್ತದೆ. ಯಂತ್ರದವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹೆಚ್ಚಿದವು, ಅವು ಒಂದೇ ಅಚ್ಚು. ಸ್ಕ್ರೂಗಳೂ ಮಾತನಾಡುತ್ತವೆ. ತುದಿ ಮೊಂಡಾಗಿದ್ದು ತಲೆಯ ಗೆರೆ ನಡುವಿನಿಂದ ಸರಿದಿದ್ದರೆ ಅದು ಸಾಮಾನ್ಯವಾಗಿ 1850ಕ್ಕೆ ಮೊದಲಿನದು. ತಲೆಯಲ್ಲಿ ಕೂಡು ಗುರುತಿರುವ (+) ಫಿಲಿಪ್ಸ್ ಸ್ಕ್ರೂ 1930ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಹಳೆಯ ಸ್ಕ್ರೂವನ್ನು ಹೊಸ ಮೇಜಿಗೆ ಹಾಕುವವರೂ ಇರುವುದರಿಂದ, ಸ್ಕ್ರೂವಿಗಿಂತ ಅದು ಕುಳಿತ ರಂಧ್ರದ ಸುತ್ತಲಿನ ಮರವನ್ನು ಹೆಚ್ಚು ನಂಬಬೇಕು. ಕಬ್ಬಿಣವಿದ್ದ ಕಡೆ ಓಕ್ ಮರ ಕಪ್ಪಾಗಿರಲೇಬೇಕು. ಇದರ ಜೊತೆಗೆ ಡ್ರಾಯರಿನ ಒಳಮೈಯಲ್ಲಿ ನಾನು ನೋಡುವ ಇನ್ನೊಂದು ಗುರುತಿದೆ. ಚೌಕಾಸಿಯಲ್ಲಿ ನನಗೆ ಅತಿ ಹೆಚ್ಚು ಹಣ ಉಳಿಸಿಕೊಟ್ಟದ್ದು ಅದೇ ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಪಾಲಿಶಿನ ವಿಷಯದಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಕಾಣದ ಜಾಗದಲ್ಲಿ, ಮಾರುವವರ ಒಪ್ಪಿಗೆಯಿಂದ, ಒತ್ತಿ ನೋಡುವುದೇ ನನ್ನ ಪದ್ಧತಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಶೆಲ್ಯಾಕ್. ಇದು ದೊರೆತರೆ ಬಿಳಿಯ ನೀರುಗಲೆ, ಸಣ್ಣ ಗೀರು ಇವುಗಳಿಗೆ ಹೆದರುವ ಕಾರಣವಿಲ್ಲ, ಏಕೆಂದರೆ ಹಳೆಯ ಪದರವೇ ಸ್ಪಿರಿಟ್ಟಿಗೆ ಕರಗಿ ಹೊಸ ಪದರದೊಂದಿಗೆ ಬೆರೆಯುತ್ತದೆ. ಅಲುಗದೆ ಗಟ್ಟಿಯಾಗಿ ಉಳಿದರೆ ಅದು ಶೆಲ್ಯಾಕ್ ಅಲ್ಲ, ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ ಲೇಪನವೋ ಬೇರೆ ವಾರ್ನಿಶೋ ಇರಬಹುದು. ಪಾಲಿಯುರಿಥೇನ್ ಹಚ್ಚಿದ ಒಂದು ಮೇಲ್ಹಲಗೆಯನ್ನು ಸುಲಿಸಲು ಕೂಲಿಗೇ ಮೇಜಿನ ಬೆಲೆಯಷ್ಟು ಹೋಯಿತು, ಕೊನೆಗೆ ಬಣ್ಣವೂ ಒಂದೇ ಸಮನೆ ಹಿಡಿಯಲಿಲ್ಲ. ಅಲ್ಲಿಂದ ಮುಂದೆ ಪಾಲಿಯುರಿಥೇನ್ ಇರುವುದಕ್ಕೆ ನಾನು ಹೇಳುವ ಬೆಲೆಯೇ ಬೇರೆ. ನಡುವೆ ನೇರಳಾತೀತ ಟಾರ್ಚಿನ ಪ್ರಯೋಗವನ್ನೂ ಮಾಡಿದೆ: ಕತ್ತಲಲ್ಲಿ ಶೆಲ್ಯಾಕ್ ಕಿತ್ತಳೆ ಛಾಯೆಯಲ್ಲಿ ಹೊಳೆಯುತ್ತದೆ, ಆಮೇಲೆ ತೇಪೆ ಹಾಕಿದ ಭಾಗ ಬೇರೆಯಾಗಿ ಎದ್ದು ಕಾಣುತ್ತದೆ. ಮೇಣ ದಪ್ಪವಾಗಿ ಹಚ್ಚಿದ ಮೇಜಿನ ಮೇಲೆ ಟಾರ್ಚು ಏನನ್ನೂ ಖಚಿತವಾಗಿ ತೋರಿಸದ ಕಾರಣ, ಹತ್ತಿಯೇ ಮೇಲೆಂಬ ನಿರ್ಧಾರಕ್ಕೆ ಬಂದಿದ್ದೇನೆ. ಕೊನೆಗೆ ನಾನು ಹಚ್ಚುವ ಮೇಣದ ಮಿಶ್ರಣ ಜೇನುಮೇಣ ಮತ್ತು ಟರ್ಪೆಂಟೈನಿನದು. ಅದರ ಪ್ರಮಾಣ ಮತ್ತು ಮೂರನೆಯ ವಸ್ತು ನನ್ನಲ್ಲೇ ಇರಲಿ.

ವೆನೀರ್ ಇದ್ದರೆ ಅಂಚಿನಲ್ಲಿ ಅದರ ದಪ್ಪವನ್ನು ನೋಡಬೇಕು. ಗರಗಸದಿಂದ ಸೀಳಿದ ಹಳೆಯ ವೆನೀರ್ ಒಂದೂವರೆ ಎರಡು ಮಿ.ಮೀ. ಇರುವುದುಂಟು, ಅದು ಒಂದೆರಡು ಬಾರಿ ಉಜ್ಜುವುದನ್ನು ತಾಳಿಕೊಳ್ಳುತ್ತದೆ. 1950 ಮತ್ತು 60ರ ದಶಕಗಳ ತೇಗದ ವೆನೀರ್ ಮೇಜುಗಳಲ್ಲಿ ಅದು ಒಂದು ಮಿ.ಮೀ.ಗಿಂತ ಕಡಿಮೆ, ಉಜ್ಜುಕಾಗದದ ಯಂತ್ರ ಕ್ಷಣದಲ್ಲಿ ಅದನ್ನು ದಾಟಿ ಒಳಗಿನ ಹಲಗೆಯನ್ನು ತೋರಿಸಿಬಿಡುತ್ತದೆ. ಬ್ರೆಜಿಲಿನ ಬೀಟೆಯ ಮೇಜನ್ನು ಗಡಿ ದಾಟಿಸಬೇಕೆನ್ನುವವರು ಒಂದು ಕಾನೂನನ್ನು ನೆನಪಿಡಬೇಕು: ಆ ಮರ 1992ರಿಂದ ಸೈಟ್ಸ್ ಎಂಬ, ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಠಿಣ ಪಟ್ಟಿಯಲ್ಲಿದೆ, ಕಾಗದಪತ್ರವಿಲ್ಲದೆ ಸಾಗಿಸುವಂತಿಲ್ಲ.

ಕುಟ್ಟೆ ಹಿಡಿದ ಮೇಜನ್ನು ಎಲ್ಲರೂ ದೂರ ತಳ್ಳುತ್ತಾರೆ, ನಾನು ತಳ್ಳುವುದಿಲ್ಲ. ರಂಧ್ರದ ಅಂಚು ಕಪ್ಪಾಗಿ ಮೊಂಡಾಗಿದ್ದರೆ ಆ ರಂಧ್ರ ಹಳೆಯದು. ಕಪ್ಪು ಕಾಗದದ ಮೇಲೆ ಒಂದು ವಾರ ನಿಲ್ಲಿಸಿದಾಗ ತಿಳಿ ಬಣ್ಣದ ಹೊಸ ಪುಡಿ ಬಿದ್ದರೆ ಹುಳು ಜೀವಂತವಿರಬಹುದು ಎಂದರ್ಥ. ಒಮ್ಮೆ ಕಳಚಿದ ಕಾಲುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ಸುಮಾರು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟೆ. ತೆಳುವಾದ ಕಾಲುಗಳಲ್ಲಿ ಪುಡಿ ನಿಂತಿತು, ದಪ್ಪ ಕಂಬದಲ್ಲಿ ನಿಲ್ಲಲಿಲ್ಲ, ಅದಕ್ಕೆ ಹುಳು ಕೊಲ್ಲುವ ಬೋರೇಟ್ ದ್ರಾವಣವನ್ನು ರಂಧ್ರರಂಧ್ರಕ್ಕೂ ಚುಚ್ಚಿ ಹಾಕಬೇಕಾಯಿತು. ಖರ್ಚು ಅತ್ಯಲ್ಪ. ಆ ಮೇಜು ನನಗೆ ಸಿಕ್ಕದ್ದು ಮರದ ಬೆಲೆಗೆ.

ಹಣ ನಿಜವಾಗಿ ಹೋಗುವುದು ಅಲುಗುವ ಕೀಲುಗಳಿಗೆ. ಪ್ರಾಣಿಗಳ ಚರ್ಮದಿಂದ ಮಾಡಿದ ಹಳೆಯ ಸರೇಸಿನಿಂದ ಕೂಡಿಸಿದ ಕೀಲು ಸಡಿಲವಾಗಿದ್ದರೆ ಅದು ಅಗ್ಗದ ಕೆಲಸ. ಬಿಸಿ ಮತ್ತು ತೇವಕ್ಕೆ ಅಂಟು ಬಿಡುತ್ತದೆ, ತೊಳೆದು ಮತ್ತೆ ಕೂಡಿಸಬಹುದು. ಯಾರಾದರೂ ನಡುವೆ ಮೊಳೆ ಹೊಡೆದಿದ್ದರೆ ಅಥವಾ ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿದ್ದರೆ ಕೂಲಿ ಮೂರು ನಾಲ್ಕು ಪಟ್ಟಾಗುತ್ತದೆ, ಒಮ್ಮೊಮ್ಮೆ ಮರವೂ ಸೀಳುತ್ತದೆ. ಹಾಗಾಗಿ ಮೇಜನ್ನು ಎರಡು ಕೈಗಳಿಂದ ಮೂಲೆಯಿಂದ ಮೂಲೆಗೆ ಓರೆಯಾಗಿ ತಳ್ಳಿ, ಕಿರುಗುಡುವ ಕಡೆ ಟಾರ್ಚು ಹಿಡಿದು ಬಗ್ಗಿ ನೋಡದೆ ನಾನು ಬೆಲೆಯ ಮಾತೆತ್ತುವುದಿಲ್ಲ.

ಎತ್ತರವನ್ನು ಮಾತ್ರ ಮನೆಯಿಂದ ಹೊರಡುವ ಮೊದಲೇ ಅಳೆದಿಟ್ಟುಕೊಳ್ಳಬೇಕು. ಮೇಜು ಸೋಫಾದ ತೋಳಿನ ಮಟ್ಟಕ್ಕಿಂತ ನಾಲ್ಕೈದು ಸೆಂ.ಮೀ. ಮೇಲೋ ಕೆಳಗೋ ಇದ್ದರೆ ಕೈಗೆ ಒಗ್ಗುತ್ತದೆ. ಇಂದಿನ ತಗ್ಗಾದ ಸೋಫಾಗಳ ಪಕ್ಕಕ್ಕೆ 70 ಸೆಂ.ಮೀ. ದಾಟಿದ ಹಳೆಯ ಚಹಾ ಮೇಜುಗಳು ಹೊಂದುವುದಿಲ್ಲವೆಂದು ಅವುಗಳ ಕಾಲು ಕತ್ತರಿಸುವವರನ್ನು ಕಂಡಿದ್ದೇನೆ. ಕತ್ತರಿಸಿದ ಮೇಜಿನ ಪ್ರಮಾಣವೂ ಬೆಲೆಯೂ ಎಂದಿಗೂ ಮರಳುವುದಿಲ್ಲ. ಅಂಥವನ್ನು ನಾನು ಎತ್ತರದ ಓದುವ ಕುರ್ಚಿಯ ಪಕ್ಕಕ್ಕೆ ಇಟ್ಟಿದ್ದೇನೆ, ತಗ್ಗಾದ ಸೋಫಾಗಳಿಗೆ ಒಂದರೊಳಗೊಂದು ಸೇರುವ ಮೇಜುಗಳ ಗುಂಪಿನಿಂದ ನಡುವಿನದನ್ನು ಆರಿಸಿಕೊಂಡಿದ್ದೇನೆ. ಗುಂಪಿನಲ್ಲಿ ಒಂದು ಕಳೆದುಹೋಗಿದ್ದರೆ ಉಳಿದವು ಬಹಳ ಅಗ್ಗವಾಗಿ ಸಿಗುವುದರಿಂದ, ಈಗ ನಾನು ಬೇಕೆಂದೇ ಅಂಥ ಅಪೂರ್ಣ ಗುಂಪುಗಳನ್ನು ಹುಡುಕುತ್ತಿದ್ದೇನೆ.