ಕುಮಾರ ಪರ್ವತಕ್ಕೆ ಎರಡು ದಿನ: ನಾನು ಲೆಕ್ಕ ಹಾಕುವ ರೀತಿ

ಕುಮಾರ ಪರ್ವತದ ಪ್ಲಾನನ್ನು ನಾನು ಶುರುಮಾಡುವುದೇ ನೀರಿನಿಂದ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವಾಗ ನೀರು ತುಂಬಿಸಿಕೊಳ್ಳುವ ಜಾಗ ಮುಖ್ಯವಾಗಿ ಎರಡು: ದಾರಿ ಮಧ್ಯದ ಗಿರಿಗದ್ದೆಯಲ್ಲಿ ಹತ್ತುವವರಿಗೆ ಊಟ ಹಾಕುವ ಭಟ್ಟರ ಮನೆ, ಆಮೇಲೆ ಕಲ್ಲು ಮಂಟಪದ ಹತ್ತಿರದ ಒರತೆ. ಒರತೆ ಜನವರಿ ಹೊತ್ತಿಗೆ ಸಣ್ಣಗಾಗುತ್ತದೆ. ಅದನ್ನು ಸಿಕ್ಕಿದರೆ ಲಾಭ ಅಂತ ಇಟ್ಟುಕೊಂಡು, ಗಿರಿಗದ್ದೆ ಬಿಡುವಾಗಲೇ ತಲೆಗೆ 3 ಲೀಟರ್ ಹೊರುತ್ತೇನೆ. ಅಲ್ಲಿಂದ ಮೇಲೆ ಬಹುಪಾಲು ಬೋಳು ಹುಲ್ಲುಗಾವಲು, ನೆರಳು ಕಡಿಮೆ. ಒಂದು ಬಾಟಲಿಗೆ ಓಆರ್‌ಎಸ್ ಪುಡಿ ಕಲಸಿಡುವುದು ಒಳ್ಳೆಯದು. ಬೆವರಿನಲ್ಲಿ ಉಪ್ಪು ಹೋಗುತ್ತಲೇ ಇರುವಾಗ ಬರೀ ನೀರು ಸಾಲದು.

ಇನ್ನು ಹೊತ್ತಿನ ಲೆಕ್ಕ. ಶಿಖರ 1712 ಮೀಟರ್, ಕುಕ್ಕೆ ನೂರು ಚಿಲ್ಲರೆ ಮೀಟರ್. ಅಂದರೆ ಸುಮಾರು 1600 ಮೀಟರ್ ಏರು, ದಾರಿ ಹತ್ತಿರ ಹತ್ತಿರ 13 ಕಿ.ಮೀ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಹಳೇ ಸೂತ್ರ ಇಲ್ಲೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಐದೂಕಾಲು ಗಂಟೆ ಬರುತ್ತದೆ. ನಮ್ಮ ಸೆಕೆಗೆ, ಬೆನ್ನ ಮೇಲಿನ ಭಾರಕ್ಕೆ ಅದನ್ನು ಒಂದೂವರೆ ಪಟ್ಟು ಮಾಡುತ್ತೇನೆ: 8 ಗಂಟೆ, ಬರೀ ಹತ್ತುವುದಕ್ಕೆ. ಒಂದೇ ದಿನದಲ್ಲಿ ಹತ್ತಿ ಇಳಿಯುವ ಉತ್ಸಾಹ ಎಲ್ಲಿ ಮುಗ್ಗರಿಸುತ್ತದೆ ಅಂತ ಇಲ್ಲೇ ಗೊತ್ತಾಗುತ್ತದೆ. ಇಳಿಯುವಾಗ ಕಾಡಿನೊಳಗೆ ಕತ್ತಲಾಗುತ್ತದೆ, ಅದು ಆನೆ ಓಡಾಡುವ ಕಾಡು.

ಹಾಗಾಗಿ ಮೊದಲ ದಿನ ಗಿರಿಗದ್ದೆವರೆಗೆ ಮಾತ್ರ, ಐದಾರು ಕಿ.ಮೀ. ಭಟ್ಟರ ಮನೆಯ ಅನ್ನ-ಸಾಂಬಾರ್ ನೆಚ್ಚಿಕೊಂಡರೆ ಒಲೆ, ಪಾತ್ರೆ ಹೊರುವುದು ತಪ್ಪುತ್ತದೆ. ಎಷ್ಟು ಜನ ಅಂತ ಮುಂಚೆಯೇ ಹೇಳಿಡಬೇಕು, ನಗದು ಇಟ್ಟುಕೊಂಡಿರಬೇಕು. ಎರಡನೇ ದಿನ ಟೆಂಟು, ಮಲಗುವ ಚೀಲ ಎಲ್ಲ ಅಲ್ಲೇ ಬಿಟ್ಟು, ಅರಣ್ಯ ಇಲಾಖೆಯ ಗೇಟು ತೆರೆಯುತ್ತಿದ್ದಂತೆ ನೀರು, ಬುತ್ತಿ, ಮಳೆ ಕೋಟು ಅಷ್ಟೇ ಹಿಡಿದು ಹೊರಡುವುದು. ಶಿಖರಕ್ಕೆ ಮುಂಚೆ ಸಿಗುವ ಶೇಷ ಪರ್ವತ ದಾಟಿ ಒಮ್ಮೆ ಇಳಿದು ಮತ್ತೆ ಹತ್ತಬೇಕು. ಕಾಲು ಸೋತಿರುವಾಗ ಈ ಇಳಿತವೇ ಹೆಚ್ಚು ಕಾಡುವುದು. ಕೊನೆಯ ಬಂಡೆ ಮೇಲೆ ನೀರು ಜಿನುಗುತ್ತಿದ್ದರೆ ಪಾಚಿ ಜಾರುತ್ತದೆ. ಹನ್ನೊಂದೂವರೆಗೆ ಎಲ್ಲಿದ್ದರೂ ವಾಪಸ್. ಇದನ್ನು ಹತ್ತುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು. ಶಿಖರ ಕಣ್ಣಿಗೆ ಬಿದ್ದ ಮೇಲೆ ಯಾರೂ ಕೇಳುವುದಿಲ್ಲ.

ಚೀಲವನ್ನು ತಕ್ಕಡಿಗೆ ಹಾಕಿಯೇ ಕಟ್ಟುವುದು. 40 ಲೀಟರಿನ ಖಾಲಿ ಚೀಲ 1.2 ಕೆ.ಜಿ., ಮಲಗುವ ಚೀಲ 1.2, ಇಬ್ಬರ ಟೆಂಟಿನ ಅರ್ಧ ಪಾಲು 1.2, ಚಾಪೆ 0.4, ಬಟ್ಟೆ-ಮಳೆ ಕೋಟು 1.2, ತಿಂಡಿ 0.8, ಟಾರ್ಚು-ಔಷಧಿ-ಪವರ್ ಬ್ಯಾಂಕ್ 0.5. ಒಟ್ಟು ಆರೂವರೆ, ನೀರು ಸೇರಿ ಒಂಬತ್ತೂವರೆ. ಇದಕ್ಕಿಂತ ಹೆಚ್ಚಾದರೆ ತಪ್ಪು ಸಾಮಾನ್ಯವಾಗಿ ಬಟ್ಟೆಯಲ್ಲಿರುತ್ತದೆ. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ತೊಡೆ ಉಜ್ಜಿ ಗಾಯವಾಗುತ್ತದೆ. ತಿಂಡಿಗೆ ಚಪಾತಿ, ಚಟ್ನಿಪುಡಿ, ಕಡ್ಲೆ ಚಿಕ್ಕಿ. ಚಿತ್ರಾನ್ನ ಮಧ್ಯಾಹ್ನದ ಬಿಸಿಲಿಗೆ ಹಳಸುತ್ತದೆ.

ಇಳಿಜಾರಿನಲ್ಲಿ ಬೆರಳ ತುದಿ ಶೂಗೆ ಗುದ್ದುತ್ತಲೇ ಇರುತ್ತದೆ. ಎರಡು ದಿನ ಮುಂಚೆ ಉಗುರು ಕತ್ತರಿಸಿ, ಇಳಿಯುವ ಮೊದಲು ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಮಂಡಿಗೆ ಒಂದು ಕೋಲು ಬೇಕೇ ಬೇಕು.

ತಿಂಗಳು ಯಾವುದು? ನವೆಂಬರಿನಲ್ಲಿ ನೀರು ಧಾರಾಳ, ಉಂಬಳವೂ (ಜಿಗಣೆ) ಧಾರಾಳ. ಫೆಬ್ರವರಿಯಿಂದ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ದಾರಿ ಮುಚ್ಚುವುದೂ ಉಂಟು. ನನ್ನ ಆಯ್ಕೆ ಡಿಸೆಂಬರ್. ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆಯೇ ಬಸ್ ಟಿಕೆಟ್ ಮಾಡಿ. ಶಿಖರದಲ್ಲಿ ಟೆಂಟು ಹಾಕುವ ಹಾಗಿಲ್ಲ.

ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ ಇದರ ಅರ್ಧದಷ್ಟೇ ಉದ್ದ. ಮೊದಲ ಸಲದವರಿಗೆ ಅದೇ ಸರಿ. ಆದರೆ ಆ ಕಡೆ ಬಸ್ಸು ಕಡಿಮೆ. ಜೀಪಿನವರ ಹತ್ತಿರ ವಾಪಸ್ ಬರುವ ಹೊತ್ತನ್ನೂ ಹೋಗುವಾಗಲೇ ಮಾತಾಡಿಡಿ, ಮೇಲೆ ಸಿಗ್ನಲ್ ನಂಬುವ ಹಾಗಿಲ್ಲ.