ಮಕ್ಕಳ ಕತ್ತಿನ ಗಂಟು: ನಾನು ಆಪರೇಷನ್ ಮಾಡುವ ಬಗೆ

ಕತ್ತಿನ ನಡುವೆ ಗಂಟಿರುವ ಮಗು ಓಪಿಡಿಗೆ ಬಂದರೆ ನಾನು ಮೊದಲು ಕೈ ಹಾಕುವುದಿಲ್ಲ. "ಎಲ್ಲಿ ಪುಟ್ಟ, ನಾಲಿಗೆ ಚಾಚು ನೋಡೋಣ, ಇನ್ನೂ ಉದ್ದ" ಅನ್ನುತ್ತೇನೆ. ಡಾಕ್ಟರಿಗೇ ನಾಲಿಗೆ ತೋರಿಸೋದು ಅಂದರೆ ಯಾವ ಮಗುವಿಗೆ ಬೇಡ! ನಾಲಿಗೆ ಹೊರಗೆ ಬಂದಾಗ ಗಂಟು ಮೇಲಕ್ಕೆ ಜಗ್ಗಿದರೆ ಅದು ಬಹುಪಾಲು ಥೈರೋಗ್ಲಾಸಲ್ ಸಿಸ್ಟ್. ಅಲ್ಲಾಡದೆ ಇದ್ದರೆ ಡರ್ಮಾಯ್ಡ್ (ಚರ್ಮದಡಿ ಹುಟ್ಟಿನಿಂದಲೇ ಉಳಿದ ಚೀಲ) ಇರಬಹುದು, ಇಲ್ಲವೇ ಬರೀ ಸೋಂಕಿಗೆ ಊದುವ ಲಿಂಫ್ ಗಂಟು.

ಥೈರಾಯ್ಡ್ ಗ್ರಂಥಿ ಹುಟ್ಟುವುದು ಕತ್ತಿನಲ್ಲಲ್ಲ, ನಾಲಿಗೆಯ ಬುಡದಲ್ಲಿ. ಗರ್ಭದ ನಾಲ್ಕನೇ ವಾರ ಅಲ್ಲಿಂದ ಹೊರಟು ಏಳನೇ ವಾರದ ಹೊತ್ತಿಗೆ ಕೆಳಗಿಳಿದು ತನ್ನ ಜಾಗ ಸೇರುತ್ತದೆ. ಇಳಿದ ದಾರಿ ಆಮೇಲೆ ಮುಚ್ಚಿಹೋಗಬೇಕು. ಕೆಲವರಲ್ಲಿ ಉಳಿದುಬಿಡುತ್ತದೆ, ಅದರಲ್ಲಿ ಲೋಳೆ ತುಂಬಿ ಗಂಟಾಗುತ್ತದೆ. ಅದೇ ಥೈರೋಗ್ಲಾಸಲ್ ಸಿಸ್ಟ್. ಬಸುರಿನಲ್ಲಿ ತಾಯಿ ಗ್ರಹಣ ನೋಡಿದ್ದಕ್ಕೇ ಹೀಗಾಯಿತು ಅಂತ ಎಷ್ಟೋ ಮನೆಗಳಲ್ಲಿ ಮಾತಾಗಿರುತ್ತದೆ. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಅಂತ ಜೊತೆಗೆ ಬಂದ ಅತ್ತೆಯವರಿಗೂ ಕೇಳುವ ಹಾಗೆ ಹೇಳುತ್ತೇನೆ.

ಸ್ಕ್ಯಾನ್ ಇಲ್ಲದೆ ಆಪರೇಷನ್‌ಗೆ ದಿನ ಕೊಡುವುದಿಲ್ಲ. ಗಂಟು ನೋಡೋದಕ್ಕಿಂತ, ಥೈರಾಯ್ಡ್ ತನ್ನ ಜಾಗದಲ್ಲಿದೆಯಾ ಅಂತ ನೋಡೋದು ನನಗೆ ಮುಖ್ಯ. ಅಪರೂಪಕ್ಕೆ ಆ ಗಂಟೇ ಮಗುವಿನ ಇಡೀ ಥೈರಾಯ್ಡ್ ಆಗಿರುತ್ತದೆ. ಅದನ್ನು ಕಿತ್ತರೆ ಜೀವನಪೂರ್ತಿ ಮಾತ್ರೆ.

ಕೀವಾದ ಮೇಲೆ ಬರುವ ಮಕ್ಕಳೇ ಜಾಸ್ತಿ. ಕೆಂಪಗೆ ಊದಿಕೊಂಡಾಗ ನಾನು ಕತ್ತರಿ ಹಿಡಿಯುವುದಿಲ್ಲ. ಆಂಟಿಬಯೋಟಿಕ್ ಕೊಡುತ್ತೇನೆ. ತುಂಬಾ ಬಿಗಿದಿದ್ದರೆ ಸೂಜಿಯಲ್ಲಿ ಕೀವು ಎಳೆಯುತ್ತೇನೆ. ಐದಾರು ವಾರ ಆರಲು ಬಿಡುತ್ತೇನೆ. ಆಗ ಅಜ್ಜಿಯೊಬ್ಬರು ಕೇಳಿಯೇ ಕೇಳುತ್ತಾರೆ: "ಕೀವೆಲ್ಲ ಹೋಯ್ತಲ್ಲ ಡಾಕ್ಟ್ರೇ, ಇನ್ಯಾಕೆ ಕುಯ್ಯೋದು?" "ಕೊಳೆ ಹೋಗಿದೆ ಅಮ್ಮ, ಪೈಪು ಒಳಗೇ ಇದೆ" ಅನ್ನುತ್ತೇನೆ.

ಆ ಪೈಪನ್ನು ಹೇಗೆ ತೆಗೆಯಬೇಕು ಅಂತ 1920ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ಸರ್ಜನ್ ಸಿಸ್ಟ್ರಂಕ್ ಬರೆದಿಟ್ಟರು. ಇವತ್ತಿಗೂ ನಾವು ಮಾಡುವುದು ಅದನ್ನೇ. ಬರೀ ಗಂಟು ತೆಗೆದರೆ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಲ್ಲಿ ಮತ್ತೆ ಬರುತ್ತದೆ. ದಾರಿ ನಾಲಿಗೆಯ ಬುಡದ ಕೆಳಗಿರುವ ಹಯಾಯ್ಡ್ ಅನ್ನುವ ಸಣ್ಣ ಮೂಳೆಗೆ ಅಂಟಿಕೊಂಡೇ ಹೋಗುವುದರಿಂದ ಮೂಳೆಯ ನಡುಭಾಗವನ್ನೂ ಸೇರಿಸಿ ತೆಗೆಯಬೇಕು. ಕತ್ತಿನ ಗೆರೆಯಲ್ಲೇ ಅಡ್ಡಕ್ಕೆ ಕುಯ್ದು, ಗಂಟನ್ನು ಒಡೆಯದೆ ಸುತ್ತ ಬಿಡಿಸುತ್ತಾ ಮೂಳೆಯವರೆಗೆ ಹೋಗುತ್ತೇನೆ. ಇಲ್ಲಿ ಕೈ ನಿಧಾನ. ಚಿಕ್ಕ ಮಕ್ಕಳಲ್ಲಿ ಹಯಾಯ್ಡ್‌ಗೂ ಅದರ ಕೆಳಗಿನ ಥೈರಾಯ್ಡ್ ಕಾರ್ಟಿಲೇಜ್‌ಗೂ (ಧ್ವನಿಪೆಟ್ಟಿಗೆಯ ಮುಂದಿನ ಮೃದು ಮೂಳೆ, ಗ್ರಂಥಿಯಲ್ಲ) ಅಂತರವೇ ಇರುವುದಿಲ್ಲ. ಒಂದನ್ನು ಇನ್ನೊಂದು ಅಂದುಕೊಂಡರೆ ಶ್ವಾಸನಾಳದ ದಾರಿಗೇ ಕತ್ತರಿ ಬೀಳುತ್ತದೆ. ಹಾಗಾಗಿ ಬೆರಳಲ್ಲಿ ಎರಡನ್ನೂ ಬೇರೆಬೇರೆಯಾಗಿ ಮುಟ್ಟಿ ಗೊತ್ತುಮಾಡಿಕೊಳ್ಳದೆ ನಾನು ಮುಂದೆ ಹೋಗುವುದಿಲ್ಲ. ನಡುವಿನಿಂದ ಪಕ್ಕಕ್ಕೂ ಸರಿಯುವುದಿಲ್ಲ, ಅಲ್ಲಿ ನಾಲಿಗೆಯ ನರ ಇದೆ. ಮೂಳೆ ಕತ್ತರಿಸಿದ ಮೇಲೆ ಅನಸ್ತೇಶಿಯಾ ಡಾಕ್ಟರು ಬಾಯಿಯೊಳಗೆ ಬೆರಳು ಹಾಕಿ ನಾಲಿಗೆಯ ಬುಡವನ್ನು ನನ್ನ ಕಡೆ ಒತ್ತುತ್ತಾರೆ. ಆ ಬೆರಳಿನ ದಿಕ್ಕಿಗೆ ಒಂದಿಷ್ಟು ಸ್ನಾಯುವನ್ನೂ ಸೇರಿಸಿ ತೆಗೆದು, ಬುಡವನ್ನು ದಾರದಲ್ಲಿ ಕಟ್ಟುತ್ತೇನೆ.

"ಮೂಳೆ ತೆಗೆದರೆ ಮಾತು?" ಅಂತ ಅಪ್ಪಂದಿರು ಹೆದರುತ್ತಾರೆ. ಮಾತಿಗೂ ಊಟಕ್ಕೂ ತೊಂದರೆಯಿಲ್ಲ. ನನಗೆ ಚಿಂತೆ ಇರುವುದು ಮೊದಲ ರಾತ್ರಿಯದು. ಒಳಗೆ ರಕ್ತ ಕಟ್ಟಿ ಕತ್ತು ಊದಿದರೆ ಉಸಿರಿಗೆ ಕಷ್ಟ. ಅದಕ್ಕೇ ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೇನೆ.

ಕತ್ತಿನ ಪಕ್ಕದ ತೂತಿನದು ಬೇರೆ ಕತೆ. ಹುಟ್ಟಿನಿಂದಲೇ ಇರುತ್ತದೆ, ಸೂಜಿಮೊನೆಯಷ್ಟು. ಅಂಗಿಯ ಕಾಲರ್ ಒದ್ದೆಯಾಗುತ್ತಿದ್ದರೆ ಜೊಲ್ಲು ಅಂತ ತಾಯಿ ಸುಮ್ನಿರುತ್ತಾರೆ. ಮೇಲಿನಿಂದ ಕೆಳಗೆ ಬೆರಳಲ್ಲಿ ಸವರಿದರೆ ತೂತಿನ ಬಾಯಲ್ಲಿ ತಿಳಿಯಾದ, ಅಂಟಂಟಾದ ಒಂದು ಹನಿ ಮೂಡುತ್ತದೆ. ಅದು ಬ್ರ್ಯಾಂಕಿಯಲ್ (branchial) ಸೈನಸ್, ಗರ್ಭದಲ್ಲಿ ಮುಚ್ಚದೆ ಉಳಿದ ಇನ್ನೊಂದು ದಾರಿ. ಒಳದಾರಿ ಪೂರ್ತಿ ಇದ್ದರೆ, ಕತ್ತಿನ ಎರಡು ದೊಡ್ಡ ರಕ್ತನಾಳಗಳ ಕವಲಿನ ನಡುವೆ ತೂರಿ ಟಾನ್ಸಿಲ್ ಹತ್ತಿರ ತೆರೆದುಕೊಳ್ಳುತ್ತದೆ. ಕಣ್ಣೀರ ನಾಳಕ್ಕೆ ಬಳಸುವ ತೆಳು ಸಲಾಕೆ ತೂರಿಸಿ, ಒಂದೇ ಹನಿ ನೀಲಿ ಬಣ್ಣ ಬಿಟ್ಟು ಹಿಂಬಾಲಿಸುತ್ತೇನೆ. ಜಾಸ್ತಿ ಬಿಟ್ಟರೆ ಸುತ್ತಮುತ್ತಲೆಲ್ಲ ನೀಲಿಯಾಗಿ ಏನೂ ಕಾಣುವುದಿಲ್ಲ. ಉದ್ದ ಕುಯ್ಯುವ ಬದಲು ಮೇಲೆ ಇನ್ನೊಂದು ಸಣ್ಣ ಗಾಯ ಮಾಡಿ ಅಲ್ಲಿಂದ ಎಳೆದುಕೊಳ್ಳುತ್ತೇನೆ. ಕಲೆ ಕಡಿಮೆ.

ಇಂಥ ಮಗುವಿನ ಕತ್ತಿನ ಇನ್ನೊಂದು ಪಕ್ಕವನ್ನೂ ಕಿವಿಯ ಮುಂದಿನ ಚರ್ಮವನ್ನೂ ತಪ್ಪದೆ ನೋಡುತ್ತೇನೆ. ಕಿವಿಯ ಹತ್ತಿರವೂ ತೂತಿದ್ದರೆ, ಅಥವಾ ಮನೆಯಲ್ಲಿ ಇನ್ಯಾರಿಗಾದರೂ ಹೀಗೇ ಇದ್ದರೆ, ಕೇಳಿಸುವಿಕೆಯ ಪರೀಕ್ಷೆ, ಕಿಡ್ನಿ ಸ್ಕ್ಯಾನ್ ಎರಡನ್ನೂ ಬರೆಯುತ್ತೇನೆ; ಇಂಥವರಲ್ಲಿ ಕೆಲವೊಮ್ಮೆ ಕಿವಿ, ಕಿಡ್ನಿಯ ತೊಂದರೆಯೂ ಜೊತೆಗಿರುತ್ತದೆ. ಎಡಗಡೆ ಥೈರಾಯ್ಡ್ ಹತ್ತಿರ ಮತ್ತೆ ಮತ್ತೆ ಕುರುವಾಗಿ, ಪ್ರತಿ ಸಲ ಕುಯ್ಸಿಕೊಂಡು ಬಂದ ಮಗುವಾದರೆ ಇನ್ನೊಮ್ಮೆ ಹೊರಗಿನಿಂದ ಕುಯ್ಯುವ ಮೊದಲು ಗಂಟಲಿಗೆ ಸ್ಕೋಪ್ ಹಾಕಿಸುತ್ತೇನೆ. ಅಂಥ ಮಕ್ಕಳಲ್ಲಿ ತೂತಿನ ಬಾಯಿ ಬಹುಪಾಲು ಗಂಟಲಿನ ಒಳಗಡೆ, ಪೈರಿಫಾರ್ಮ್ ಅನ್ನುವ ಗುಳಿಯಲ್ಲಿ ಇರುತ್ತದೆ.