ಡಿಪಿಎಫ್ ಮೇಲೆ ಕಣ್ಣಿಡಲು ನಾನು ಆ್ಯಪ್ ಆರಿಸಿಕೊಂಡ ಬಗೆ

ನನ್ನದು ಬಿಎಸ್6 ಮಾಲಿನ್ಯ ನಿಯಮದ ಡೀಸೆಲ್ ಗಾಡಿ. ವಾರವೆಲ್ಲ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ ತೆವಳುವುದೇ ಅದರ ಕೆಲಸ. ಡಿಪಿಎಫ್‌ಗೆ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿಗೆ, ಇದಕ್ಕಿಂತ ಕೆಟ್ಟ ಓಡಾಟ ಇನ್ನೊಂದಿಲ್ಲ. 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂದಾಗ ಡೀಸೆಲ್ ಕಾರು ಉಗುಳಬಹುದಾದ ಮಸಿಯ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಹಾಗಾಗಿ ಸೈಲೆನ್ಸರ್ ದಾರಿಯಲ್ಲಿ ಈ ಫಿಲ್ಟರ್ ಬಂದು ಕೂತಿತು. ಅದು ಹಿಡಿದಿಟ್ಟ ಮಸಿಯನ್ನು ಆಗಾಗ ಸುಡಬೇಕು. ಅದೇ ರೀಜೆನ್. ಗಾಡಿ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಆದರೆ ನನ್ನ ಗಾಡಿ ಶುರು ಮಾಡಿದ್ದನ್ನು ನನಗೆ ಹೇಳುವುದಿಲ್ಲ. ಮನೆ ಬಂತು ಅಂತ ಇಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಹೀಗಾದರೆ, ಸುಡುವುದಕ್ಕೆಂದು ಜಾಸ್ತಿ ಚಿಮ್ಮಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ.

ಆ್ಯಪ್ ಬೇಕಾಗಿದ್ದು ಇದಕ್ಕೇ. ಸ್ಪೀಡು, ಆರ್‌ಪಿಎಂ ಮುಳ್ಳುಗಳು ಎಷ್ಟು ಚೆಂದ ಕುಣಿದರೂ ನನಗೇನು ಲಾಭ? ಅವು ಕಾರಿನಲ್ಲೇ ಇವೆ ಅಲ್ವಾ. ನನಗೆ ಬೇಕಿದ್ದದ್ದು ನಾಲ್ಕೇ: ಎಷ್ಟು ಮಸಿ ತುಂಬಿದೆ, ಡಿಪಿಎಫ್ ಮುಂದಿನ ಹೊಗೆಯ ಬಿಸಿ ಎಷ್ಟು, ರೀಜೆನ್ ನಡೆಯುತ್ತಿದೆಯಾ, ಕಳೆದ ರೀಜೆನ್ ಆಗಿ ಎಷ್ಟು ಕಿಲೋಮೀಟರ್ ಆಯಿತು.

ತೊಡಕು ಇರುವುದೂ ಇಲ್ಲೇ. ಆ್ಯಪ್‌ಗೆ ಮಾಹಿತಿ ಬರುವುದು ಒಬಿಡಿಯಿಂದ, ಅಂದರೆ ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಅಡಾಪ್ಟರ್ ಸಿಕ್ಕಿಸಿ ಗಾಡಿಯ ಕಂಪ್ಯೂಟರನ್ನು ಕೇಳುವ ವ್ಯವಸ್ಥೆಯಿಂದ. ಅದರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಆಗಿರುವ ಕೆಲವು ಕೋಡ್‌ಗಳಿವೆ. ಡಿಪಿಎಫ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ, ಬಿಸಿ ಇವಕ್ಕೆ ಆ ಪಟ್ಟಿಯಲ್ಲಿ ಜಾಗ ಇದೆ, ಆದರೆ ನಮ್ಮ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಉತ್ತರ ಕೊಡಬೇಕಷ್ಟೆ. ಮಸಿಯ ಲೆಕ್ಕ, ರೀಜೆನ್ ಸ್ಥಿತಿ ಇವನ್ನು ಬಹುಪಾಲು ತಯಾರಕರು ತಮ್ಮದೇ ಕೋಡ್‌ನಲ್ಲಿ ಇಟ್ಟಿರುತ್ತಾರೆ. ಹಾಗಾಗಿ ಪ್ಲೇ ಸ್ಟೋರ್‌ನ ಸ್ಟಾರ್ ನೋಡಿ ಆರಿಸುವುದು ದಂಡ. ನಿಮ್ಮ ಇಂಜಿನ್ನಿನ ಕೋಡ್ ಯಾವ ಆ್ಯಪ್‌ಗೆ ಗೊತ್ತೋ ಅದೇ ನಿಮಗೆ ಒಳ್ಳೆಯ ಆ್ಯಪ್.

ಟಾರ್ಕ್ ಪ್ರೊ ಆ್ಯಪ್‌ನಲ್ಲಿ ಇಂಥ ಕೋಡ್, ಸೂತ್ರಗಳನ್ನು ನಾವೇ ಹುಡುಕಿ ಹಾಕಿಕೊಳ್ಳಬಹುದು. ಕೈ ಕೆಸರು ಮಾಡಿಕೊಳ್ಳುವ ಖುಷಿ ಇದ್ದವರಿಗೆ ಅದು ಸರಿ, ಆಂಡ್ರಾಯ್ಡ್ ಮಾತ್ರ. ಫೋರ್ಡ್ ಇಟ್ಟುಕೊಂಡವರಿಗೆ ಫೋರ್‌ಸ್ಕ್ಯಾನ್ ಇದೆ, ಫೋಕ್ಸ್‌ವ್ಯಾಗನ್, ಸ್ಕೋಡಾದವರಿಗೆ ಒಬಿಡಿಲೆವೆನ್. ನಾನು ಕಾರ್ ಸ್ಕ್ಯಾನರ್ ಅನ್ನುವ ಆ್ಯಪ್‌ನಲ್ಲಿ ನಿಂತೆ. ಅದರಲ್ಲಿ ಕಾರಿನ ಕಂಪನಿಗೆ ತಕ್ಕ ಕೋಡ್‌ಗಳ ಪ್ರೊಫೈಲ್ ಆರಿಸುವ ಸೌಕರ್ಯ ಇದೆ, ಐಫೋನಿಗೂ ಸಿಗುತ್ತದೆ. ಮೊದಲು ಪುಕ್ಕಟೆ ಆವೃತ್ತಿಯಲ್ಲಿ ನಿಮ್ಮ ಗಾಡಿಯ ಡಿಪಿಎಫ್ ಸೆನ್ಸರ್‌ಗಳು ಪಟ್ಟಿಯಲ್ಲಿ ಬರುತ್ತವಾ ನೋಡಿ. ದುಡ್ಡು ಆಮೇಲೆ.

ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನಂಬಬಾರದು. ಪ್ರೊಫೈಲ್ ಹೊಂದದಿದ್ದರೆ ಹೊಗೆಯ ಬಿಸಿ ಮೈನಸ್ 40 ಅಂತ ಕೂತುಬಿಡಬಹುದು. ಸೂತ್ರದಲ್ಲಿ ಕೊನೆಗೆ 40 ಕಳೆಯುತ್ತಾರೆ. ಅಂದರೆ ಗಾಡಿಯಿಂದ ಬಂದದ್ದು ಬರೀ ಸೊನ್ನೆ. ಬೆಂಗಳೂರಿನ ಬಿಸಿಲಲ್ಲಿ ಮೈನಸ್ 40!

ನಿಜವಾದ ಪರೀಕ್ಷೆ ಆಗಿದ್ದು ತುಮಕೂರು ರಸ್ತೆಯಲ್ಲಿ. ನಾನು ಓಡಿಸುತ್ತಿದ್ದೆ, ಬಾಮೈದ ಪಕ್ಕದಲ್ಲಿ ಫೋನ್ ಹಿಡಿದು ಕೂತಿದ್ದ. ನೆಲಮಂಗಲ ದಾಟಿದ ಮೇಲೆ ಬಿಸಿ ಏರತೊಡಗಿತು. "ಭಾವ, ಐನೂರೈವತ್ತು... ಆರುನೂರು ದಾಟ್ತು!" ಅಂದ. ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಮೈಲೇಜ್ ಬಿತ್ತು. ಸ್ವಲ್ಪ ಹೊತ್ತಿಗೆ ಮಸಿಯ ಅಂಕಿ ನಿಧಾನವಾಗಿ ಇಳಿಯಲು ಶುರುವಾಯಿತು, ಕಿಲೋಮೀಟರ್ ಲೆಕ್ಕ ಮತ್ತೆ ಸೊನ್ನೆಯಿಂದ ಹೊರಟಿತು. ಬಿಸಿ ಏರಬೇಕು, ಮಸಿ ಇಳಿಯಬೇಕು, ಎರಡೂ ಒಂದೇ ಹೊತ್ತಿಗೆ ಆಗಬೇಕು. ಆಗ ಪ್ರೊಫೈಲ್ ಸರಿ ಅಂತ ಲೆಕ್ಕ.

ಅಡಾಪ್ಟರ್ ಬಗ್ಗೆಯೂ ಹೇಳಬೇಕು. ಒಳಗಿನ ಚಿಪ್ಪಿನ ಹೆಸರಲ್ಲಿ ಇಎಲ್‌ಎಂ327 ಅಂತ ಮಾರುವುದರಲ್ಲಿ ಬಹುಪಾಲು ನಕಲಿ. ಆ ಚಿಪ್ ಮಾಡುತ್ತಿದ್ದ ಕೆನಡಾದ ಕಂಪನಿ 2022ರಲ್ಲೇ ಬಾಗಿಲು ಹಾಕಿತು. ತೀರಾ ಅಗ್ಗದ ನಕಲಿಗಳು ಆರ್‌ಪಿಎಂ ಏನೋ ತೋರಿಸುತ್ತವೆ, ಕಂಪನಿಯ ಸ್ವಂತ ಕೋಡ್ ಕೇಳಿದರೆ ಬಾಯಿ ಬಿಡುವುದಿಲ್ಲ. ತಪ್ಪು ಆ್ಯಪ್‌ನದು ಅನಿಸಿಬಿಡುತ್ತದೆ. ಐಫೋನ್ ಇದ್ದವರು ಬ್ಲೂಟೂತ್ 4.0 ಅಥವಾ ವೈಫೈ ಅಡಾಪ್ಟರನ್ನೇ ಕೊಳ್ಳಬೇಕು, ಹಳೆಯ ಬ್ಲೂಟೂತ್‌ನದು ಸಾಮಾನ್ಯವಾಗಿ ಜೋಡಣೆ ಆಗುವುದಿಲ್ಲ. ಸ್ಟೇರಿಂಗ್ ಕೆಳಗಿನ ಆ ಸಾಕೆಟ್‌ನ 16ನೇ ಪಿನ್‌ಗೆ ಗಾಡಿ ಆಫ್ ಇದ್ದಾಗಲೂ ಕರೆಂಟ್ ಬರುತ್ತದೆ. ಊರಿಗೆ ಹೋಗುವಾಗ ಅಡಾಪ್ಟರ್ ಕಿತ್ತಿಡಿ, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ.

ನಿಂತಲ್ಲೇ ರೀಜೆನ್ ಮಾಡಿಸುವ ಬಟನ್ ಕೆಲವು ಆ್ಯಪ್‌ಗಳಲ್ಲಿ ಇರುತ್ತದೆ. ನಾನು ಅದರ ಸುದ್ದಿಗೆ ಹೋಗಿಲ್ಲ. ಅಷ್ಟು ಬಿಸಿಯ ಹೊಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲೋ ಒಣಹುಲ್ಲಿನ ಮೇಲೋ ಬೇಡವೇ ಬೇಡ. ಅದು ಗ್ಯಾರೇಜಿನವರ ಕೆಲಸ.

ಈಗ ಮನೆ ಹತ್ತಿರ ಬಂದಾಗ ಬಿಸಿ 600ರ ಆಸುಪಾಸಿನಲ್ಲಿ ಕಂಡರೆ ರಿಂಗ್ ರೋಡಿನಲ್ಲಿ ಇನ್ನೊಂದು ಸುತ್ತು ಹೋಗಿ ಬರುತ್ತೇನೆ. ಮನೆಯಲ್ಲಿ "ಡೀಸೆಲ್ ಸುಮ್ನೆ ಬರುತ್ತಾ?" ಅಂತ ಕೇಳಿದ್ದೂ ಉಂಟು. ಎರಡು ರೀಜೆನ್‌ಗಳ ನಡುವಿನ ಕಿಲೋಮೀಟರನ್ನೂ ಬರೆದಿಡುತ್ತಿದ್ದೇನೆ. ಓಡಾಟ ಮೊದಲಿನಂತೆಯೇ ಇದ್ದು ಆ ಅಂತರ ಮಾತ್ರ ಕಡಿಮೆಯಾಗುತ್ತಾ ಬಂದರೆ, ಸ್ಕ್ರೀನ್‌ಶಾಟ್ ತೋರಿಸಿ ಪ್ರೆಶರ್ ಸೆನ್ಸರ್ ಮತ್ತು ಅದರ ರಬ್ಬರ್ ಪೈಪ್ ಮೊದಲು ನೋಡಿ ಅಂತ ಮೆಕ್ಯಾನಿಕ್‌ಗೆ ಹೇಳುವುದು. ಡಿಪಿಎಫ್ ಬದಲಾಯಿಸುವ ಮಾತು ಅದಾದ ಮೇಲೆ.